ಗೊತ್ತಪ್ಪನ ಮನೆ ಗೋಡೆಯ ಹೆಂಗಸು

ತಂದೆತಾಯಿ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಯಾರು ಏನು ಹೇಳಹೊರಟರೂ ಮಾತು ಅರ್ಧಕ್ಕೆ ಬರುವ ಮೊದಲೇ "ಗೊತ್ತು, ಗೊತ್ತು" ಎನ್ನುವ ಚಾಳಿಯಿಂದಾಗಿ ಬೀದಿಯವರು ಅವನನ್ನು ಗೊತ್ತಪ್ಪ ಎಂದು ಕರೆಯಲಾರಂಭಿಸಿ, ಕೊನೆಗೆ ಅವನ ಹೆಂಡತಿಯೂ ಮೊದಲ ಹೆಸರನ್ನು ನೆನಪಿಸಿಕೊಳ್ಳಲು ಒಂದು ಕ್ಷಣ ತೆಗೆದುಕೊಳ್ಳುವಂತಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರ ಓದಿಸಿ, "ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?" ಎಂದು ಇಪ್ಪತ್ತೆರಡು ವರ್ಷದಿಂದ ಕೇಳುತ್ತ ಬಂದವನು. ಹೀಗೆ ಊರಿನ ಅರ್ಧ ಜನರ ಕಣ್ಣಿನ ಐಬು ಬಲ್ಲವನಾದ್ದರಿಂದ, ನೋಡುವುದಕ್ಕೆ ಸಂಬಂಧಪಟ್ಟದ್ದೆಲ್ಲ ತನ್ನ ಇಲಾಖೆ ಎಂಬುದು ಅವನ ದೃಢ ನಂಬಿಕೆ.

ಆ ನಂಬಿಕೆಯನ್ನು ಕೆಣಕಿದವನು ಭಾವಮೈದ. ಅವನು ತನ್ನ ಮನೆಯ ನಡುಕೋಣೆಯಲ್ಲಿ ಒಂದು ಕಡಲಿನ ಚಿತ್ರ ತೂಗುಹಾಕಿದ. ನೋಡಿ ಬಂದ ಹೆಂಡತಿ ಮೂರು ದಿನ ಕಡಲಿನ ಮಾತೇ ಆಡಿದಳು.

"ತಮ್ಮನ ಗೋಡೆ ಮೇಲೆ ಎಷ್ಟು ನೀರು ನೋಡಿದ್ರಾ? ನಮ್ಮ ಗೋಡೆ ಮೇಲೂ ಇದೆ ನೀರು. ತೇವ."

"ಗೊತ್ತು, ಗೊತ್ತು. ಕಡಲನ್ನ ಯಾರು ಬೇಕಾದ್ರೂ ಹಾಕ್ತಾರೆ. ಚಿತ್ರ ಆರಿಸೋಕೆ ಕಣ್ಣು ಬೇಕು. ನಾನು ತರ್ತೀನಿ ನೋಡು."

ಬೀದಿಯ ಕೊನೆಯಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಆಗ ಒಡೆಯುತ್ತಿದ್ದರು. ಮುರಿದ ಕುರ್ಚಿ, ತುಕ್ಕು ಹಿಡಿದ ಪಂಖ, ಕಾಗದದ ಸುರುಳಿಗಳು ಎಲ್ಲ ಕಾಲುದಾರಿಯ ಮೇಲೆ ಬಿದ್ದಿದ್ದವು. "ಬೇಕಾದ್ದು ತಗೊಂಡು ಹೋಗಿ, ಮಧ್ಯಾಹ್ನ ಬೆಂಕಿ ಹಾಕ್ತೀವಿ" ಎಂದ ಕಾವಲುಗಾರ. ಗೊತ್ತಪ್ಪ ಒಂದು ಸುರುಳಿಯ ತುದಿಯನ್ನು ಗೇಣುದ್ದ ಬಿಚ್ಚಿ ನೋಡಿದ. ಮೆಟ್ಟಿಲು. ಬಿಳಿ ಬಟ್ಟೆಯ ಅಂಚು. ಒಂದು ಚಪ್ಪಲಿ. ಗೃಹಜೀವನದ ಶಾಂತ ಚಿತ್ರ ಎಂದು ತೀರ್ಪುಕೊಟ್ಟು, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಸ್ಟೂಲಿನ ಮೇಲೆ ನಿಂತು, ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಗೋಡೆಗೆ ಒತ್ತಿ ಒತ್ತಿ ಬಿಚ್ಚುತ್ತ ವಿವರಿಸತೊಡಗಿದ.

"ನೋಡು, ಮೆಟ್ಟಿಲು. ಅಂದ್ರೆ ಏಳಿಗೆ. ಚಪ್ಪಲಿ ಒಂದೇ ಇದೆ. ಅಂದ್ರೆ ಮನೆಯಾಕೆ ಈಗ ತಾನೇ ಒಳಗೆ ಬಂದಿದಾಳೆ. ಬಿಳಿ ನಿಲುವಂಗಿ. ಶಾಂತಿ. ಇದು ಮೆಟ್ಟಿಲ ಪಕ್ಕದ ಕಟಾಂಜನದ ಮೇಲೆ ಕೈ. ಭದ್ರತೆ. ಇದು ಭುಜ..."

"ಭುಜದ ಮೇಲಿನ ಬಟ್ಟೆ ಎಲ್ಲಿ?"

"ಸೆಖೆ ಇರಬೇಕು. ಇದು ಕುತ್ತಿಗೆ. ಇದು..."

ಕುತ್ತಿಗೆಯ ಎರಡೂ ಪಕ್ಕದಲ್ಲಿ, ಕತ್ತಲಿನಿಂದ ಎರಡು ಕೈ ಚಾಚಿಕೊಂಡಿದ್ದವು. ಉದ್ದ ಬೆರಳು, ಉಬ್ಬಿದ ಗೆಣ್ಣು. ಆ ಕೈಗಳಿಗೆ ಮೈಯಿರಲಿಲ್ಲ, ಮುಖವಿರಲಿಲ್ಲ. ಕುತ್ತಿಗೆಯ ಮೇಲೆ ಹೆಂಗಸಿನ ಮುಖ: ಹಸಿರು ಬೆಳಕು ಬಿದ್ದ ಕೆನ್ನೆ, ಹಾರುವ ಕೂದಲು, ಮೇಲೆದ್ದ ಹುಬ್ಬು, ಒಳನಾಲಿಗೆ ಕಾಣುವಷ್ಟು ತೆರೆದ ಬಾಯಿ. ಎಲ್ಲಕ್ಕಿಂತ ಮೇಲೆ ಒಸರುವ ಕೆಂಪಕ್ಷರದಲ್ಲಿ ಸಿನಿಮಾದ ಹೆಸರಿದ್ದಿರಬೇಕು. ಅದು ಹರಿದುಹೋಗಿ ಕೊನೆಯ ಒಂದು 'ಳು' ಮಾತ್ರ ಉಳಿದಿತ್ತು. ಬಂದಳೋ, ಓಡಿದಳೋ, ಸತ್ತಳೋ, ಕೊಂದಳೋ ತಿಳಿಯುವಂತಿರಲಿಲ್ಲ. ಅದರ ಪಕ್ಕದಲ್ಲಿ ಚಿಕ್ಕದಾಗಿ, ಬಹಳ ಅಂದವಾದ ಕೈಬರಹದಲ್ಲಿ ಬರೆದಿತ್ತು: 'ಹೆಂಗಸರಿಗೂ ಹೃದ್ರೋಗಿಗಳಿಗೂ ಪ್ರವೇಶವಿಲ್ಲ.'

ಸ್ಟೂಲು ಸ್ವಲ್ಪ ಅಲ್ಲಾಡಿತು. ಆದರೆ ಗೊತ್ತಪ್ಪ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜಾತಿಯವನಲ್ಲ.

"ಗೊತ್ತು, ಗೊತ್ತು," ಎಂದ, ಯಾರೂ ಏನೂ ಕೇಳದಿದ್ದರೂ. "ಇದು ಹಳೇ ಭಯಾನಕ ಕಲೆ. ಈಗ ಇದಕ್ಕೇ ಬೆಲೆ." ಎಂದವನೇ ನಾಲ್ಕು ಮೂಲೆಗೂ ಮೊಳೆ ಹೊಡೆದ.

ಹೆಂಡತಿ ಎದ್ದು ಹತ್ತಿರ ಬಂದು, ಸೊಪ್ಪು ಆರಿಸುವವಳಂತೆ ಚಿತ್ರವನ್ನು ಇಂಚಿಂಚಾಗಿ ನೋಡಿದಳು.

"ಒಳಗೆ ಹೆಂಗಸರನ್ನ ಬಿಡಲ್ವಂತೆ. ಹೊರಗೆ ಗೋಡೆಗೆ ಅಂಟಿಸೋಕೆ ಮಾತ್ರ ಹೆಂಗಸೇ ಬೇಕು. ಕೊಲ್ಲೋಕೆ ಬಂದವನಿಗೆ ಕೋಟಿನ ತೋಳು ಮಣಿಕಟ್ಟಿನವರೆಗೂ ಇದೆ. ಸಾಯೋಳಿಗೆ ಭುಜದ ಮೇಲೆ ಬಟ್ಟೆ ನಿಲ್ತಿಲ್ಲ. ಜೀವ ಉಳಿಸಿಕೊಳ್ಳೋಕೆ ಓಡೋಳು ಯಾರಾದ್ರೂ ತುಟಿಗೆ ಬಣ್ಣ ಹಚ್ಕೊಂಡು ಓಡ್ತಾರೇನ್ರೀ?"

"ಅದೇ ಕಲೆ. ಅವಳು ಹಿಂದಿರೋ ಕೊಲೆಗಾರನಿಗೆ ಹೆದರಿದಾಳೆ. ಅವಳ ಹೆದರಿಕೆ ನೋಡಿ ನಾವು ಹೆದರಬೇಕು."

"ಹಿಂದಿರೋನನ್ನ ಅವಳು ನೋಡೇ ಇಲ್ಲ." ಹೆಂಡತಿಯ ದನಿ ಇಳಿಯಿತು. "ಕಣ್ಣು ನೋಡಿ. ಮುಂದೆ ನೋಡ್ತಿದಾಳೆ. ಮುಂದೆ ಇರೋರನ್ನ ನೋಡಿ ಬಾಯಿ ತೆರೆದಿದಾಳೆ. ಮುಂದೆ ಇರೋದು ನಿಮ್ಮ ಕುರ್ಚಿ."

ಗೊತ್ತಪ್ಪ ತಿರುಗಿ ತನ್ನ ಕುರ್ಚಿಯನ್ನು ನೋಡಿದ. ಅದು ಖಾಲಿಯಿತ್ತು. ಖಾಲಿ ಕುರ್ಚಿಯೊಂದು ಅಷ್ಟು ಖಾಲಿಯಾಗಿ ಕಂಡದ್ದು ಅವನಿಗೆ ಅದೇ ಮೊದಲು.

ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಿಗ್ಗೆ ಹೆಂಡತಿ ಬಟ್ಟೆಯ ಚೀಲ ಹಿಡಿದು ಹಿಂಬಾಗಿಲ ಹೊಸಿಲಲ್ಲಿ ನಿಂತು ಹೇಳಿದ್ದು ಬೀದಿಗೆಲ್ಲ ಕೇಳಿಸಿತು: "ಈ ಮನೇಲಿ ಅವಳಿರಬೇಕು, ಇಲ್ಲಾ ನಾನಿರಬೇಕು. ಅವಳನ್ನ ಕಳಿಸಿದ ಮೇಲೆ ಹೇಳಿ ಕಳಿಸಿ, ಬರ್ತೀನಿ!" ಅಲ್ಲಿಂದಲೇ ಓಣಿಗೆ ಇಳಿದು ತಮ್ಮನ ಮನೆಯ ಕಡಲಿನ ಕಡೆ ಹೋದಳು.

ಎದುರುಮನೆಯಲ್ಲಿ ಒಬ್ಬ ನಿವೃತ್ತ ರೈಲ್ವೆ ಗಾರ್ಡು ಇದ್ದ. ಮೂವತ್ತು ವರ್ಷ ಕೊನೆಯ ಡಬ್ಬಿಯಲ್ಲಿ ನಿಂತು, ಹಿಂದಕ್ಕೆ ಸರಿದುಹೋಗುವ ಲೋಕವನ್ನು ನೋಡಿದವನು. ಈಗ ಅವನೆದುರು ಸರಿಯದೆ ನಿಂತ ದೃಶ್ಯ ಒಂದೇ: ಗೊತ್ತಪ್ಪನ ಕಿಟಕಿ. ಅವನಿಗೆ 'ಅವಳು' ಎಂಬ ಪದ ಸ್ಪಷ್ಟವಾಗಿ ಕೇಳಿಸಿತು. ಹೆಂಡತಿ ಹಿಂಬಾಗಿಲಿನಿಂದ ಹೋದದ್ದು ಮಾತ್ರ ಕಾಣಿಸಲಿಲ್ಲ.

ಮನೆಯಲ್ಲಿ ಗೊತ್ತಪ್ಪ ಮತ್ತು ಅವಳು ಇಬ್ಬರೇ ಉಳಿದರು.

ಮೊದಲ ಸಂಜೆ ಅವನು ಗೆದ್ದವನಂತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಅವಳು ಅವನನ್ನೇ ನೋಡುತ್ತಿದ್ದಳು. ಕುರ್ಚಿಯನ್ನು ಬಲಕ್ಕೆ ಎಳೆದ. ನೋಟ ಬಲಕ್ಕೆ ಬಂತು. ಎಡಕ್ಕೆ ಎಳೆದ. ಎಡಕ್ಕೂ ಬಂತು. ಇದರ ಕಾರಣ ಅವನಿಗೆ ನಿಜವಾಗಿಯೂ ಗೊತ್ತಿತ್ತು: ನೇರ ನೋಡುವಂತೆ ಬರೆದ ಕಣ್ಣು ನಾವು ಎಲ್ಲಿ ಹೋದರೂ ನಮ್ಮನ್ನೇ ನೋಡುತ್ತದೆ. ಅಂಗಡಿಯಲ್ಲಿ ಎಷ್ಟೋ ಗಿರಾಕಿಗಳಿಗೆ ಹೇಳಿದ್ದ. ಆದರೆ ಕಾರಣ ತಿಳಿದರೆ ಭಯ ಹೋಗುತ್ತದೆ ಎಂದು ಹೇಳಿದ ಮಹಾನುಭಾವರು ಯಾರೋ, ಅವರ ಮನೆಯ ಗೋಡೆಯ ಮೇಲೆ ಅವಳು ಇರಲಿಲ್ಲ.

ಎರಡನೆಯ ದಿನ ಅಂಗಡಿಯಿಂದ ಬಂದವನು ಅಭ್ಯಾಸಬಲದಿಂದ "ಬಂದೆ" ಎಂದ. ಗೋಡೆಯಿಂದ "ಹಾ..." ಎಂಬ ಸದ್ದು ಬಂತು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಕಾಗದದ ಹಿಂದೆ ಹೊಕ್ಕು ಹೊರಟ ಸದ್ದು ಅದು. ಅದೂ ಅವನಿಗೆ ಗೊತ್ತಿತ್ತು. ಆದರೂ ಹೊಸಿಲಲ್ಲೇ ಚಪ್ಪಲಿ ಬಿಡುವಾಗ ಅವನ ಕಣ್ಣು ಚಿತ್ರದ ಆ ಒಂಟಿ ಚಪ್ಪಲಿಯ ಮೇಲೆ ಹೋಯಿತು. ಅವನು ತನ್ನ ಎರಡನ್ನೂ ಜೋಡಿಸಿ, ಗೋಡೆಗೆ ಬೆನ್ನು ಮಾಡಿಸಿ ಇಟ್ಟ.

ಮೂರನೆಯ ದಿನದಿಂದ ತನ್ನ ಮನೆಯ ಹೊರಕೋಣೆಗೆ ಬರುವ ಮುಂಚೆ ಕೆಮ್ಮಲು ಶುರುಮಾಡಿದ. ಬನಿಯನ್ನಿನಲ್ಲಿ ಅವಳೆದುರು ಓಡಾಡುವುದನ್ನು ಬಿಟ್ಟ. ಊಟದ ತಟ್ಟೆಯನ್ನು ಅಡುಗೆಮನೆಗೆ ಒಯ್ದ. ಅಂಗಡಿಯಲ್ಲಿ ಒಬ್ಬ ಹೆಂಗಸು ಅಕ್ಷರ ಓದಲು "ಆ" ಎಂದು ಬಾಯಿ ತೆರೆದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದು ಮಸೂರದ ಪೆಟ್ಟಿಗೆಯನ್ನು ಬೀಳಿಸಿದ. ಮಾಲೀಕ ಕೇಳಿದರೆ "ಗೊತ್ತು ಸಾರ್, ಎತ್ಕೋತೀನಿ" ಎಂದ.

ಚಿತ್ರವನ್ನು ಕಿತ್ತು ಸುರುಳಿ ಸುತ್ತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಒಮ್ಮೆ ಸ್ಟೂಲು ಹತ್ತಿಯೂ ಹತ್ತಿದ. ಆದರೆ ಕಿತ್ತರೆ ಹೆಂಡತಿ ಗೆದ್ದಂತೆ. ಅದಲ್ಲದೆ ಅಷ್ಟು ಹತ್ತಿರದಿಂದ ಅವಳ ಕಣ್ಣು ನೋಡುತ್ತ ಮೊಳೆ ಕೀಳುವ ಧೈರ್ಯ ಅವನಿಗೆ ಬರಲಿಲ್ಲ. ಇಳಿದ.

ನಾಲ್ಕನೆಯ ದಿನ ಗಾರ್ಡು ಬೇಲಿಯ ಬಳಿ ಹಿಡಿದ.

"ಏನಪ್ಪಾ, ಮನೆಯವರು ಕಾಣ್ತಿಲ್ಲ?"

ಹೆಂಡತಿ ಕಾಗದದ ಹೆಂಗಸಿನ ಜೊತೆ ಜಗಳವಾಡಿ ಹೋದಳು ಎನ್ನುವುದು ಹೇಗೆ? "ಜ್ವರ ಸಾರ್. ಒಳಗೆ ಮಲಗಿದಾಳೆ" ಎಂದುಬಿಟ್ಟ.

ಮಾರನೆಯ ದಿನ ಮಧ್ಯಾಹ್ನ ಗಾರ್ಡಿನ ಹೆಂಡತಿ ಬಿಸಿ ಹಾಲು ಹಿಡಿದು ಬಾಗಿಲಿಗೆ ಬಂದಳು. "ಎಲ್ಲಿ, ನೋಡ್ತೀನಿ ಪಾಪ."

ಗೊತ್ತಪ್ಪ ಬಾಗಿಲಿಗೆ ಅಡ್ಡ ನಿಂತ. "ಅವಳು ಮದುವೆಗೆ ಹೋಗಿದಾಳೆ ಅಕ್ಕಾ."

"ಜ್ವರದಲ್ಲಾ?"

"ಜ್ವರ ಮದುವೆ ಮನೇಲೇ ಬಂದಿದ್ದು."

"ನಿನ್ನೆ ಒಳಗೆ ಮಲಗಿದಾಳೆ ಅಂದ್ರಂತೆ?"

"ಹೂಂ. ಮದುವೆ ಮನೆ ಒಳಗೆ."

ಗಾರ್ಡಿನ ಹೆಂಡತಿ ಹಾಲಿನ ಲೋಟವನ್ನು ತನ್ನ ಎದೆಯ ಹತ್ತಿರಕ್ಕೆ ತಂದುಕೊಂಡಳು. "ಹಾಗಾದ್ರೆ ಸಂಜೆ ಹೊತ್ತು ನಿಮ್ಮ ಕಿಟಕೀಲಿ ಕೂದಲು ಬಿಟ್ಕೊಂಡು ನಿಂತಿರ್ತಾಳಲ್ಲ, ಅವಳು ಯಾರು?"

ಚಿತ್ರ ಎಂಬ ಒಂದು ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು, ಅದರ ಹಿಂದೆ ಬರಬೇಕಾದ ಕತೆಯ ಉದ್ದ ನೋಡಿ ವಾಪಸು ಹೋಯಿತು.

"ಓ, ಅವಳಾ," ಎಂದ. "ಅವಳು ಮಾತಾಡಲ್ಲ."

ಆಕೆ ಹಾಲಿನೊಂದಿಗೆ ಬೀದಿ ದಾಟಿದ ವೇಗಕ್ಕೆ ಒಂದು ಹನಿಯೂ ಚೆಲ್ಲದಿದ್ದದ್ದು ಆಶ್ಚರ್ಯ.

ಅವತ್ತು ಸಂಜೆ ಆರೂವರೆಗೆ ತೇವದ ಗೋಡೆಯು ಮೇಲಿನ ಎರಡು ಮೊಳೆಗಳನ್ನು ಬಿಟ್ಟುಕೊಟ್ಟಿತು. ಚಿತ್ರ ಮುಂದಕ್ಕೆ ಬಾಗಿತು. ದೀಪ ಹಾಕಿ ಬಂದ ಗೊತ್ತಪ್ಪನಿಗೆ ಕಂಡದ್ದು, ಗೋಡೆಯಿಂದ ತನ್ನ ಕಡೆಗೆ ನಿಧಾನವಾಗಿ ಬಗ್ಗುತ್ತಿರುವ ಹೆಂಗಸು. ಅವನು ಕೂಗಿದ. ಕೂಗುತ್ತಲೇ ಎರಡೂ ಕೈಯಿಂದ ಅವಳನ್ನು ಹಿಡಿದು ಗೋಡೆಗೆ ಒತ್ತಿದ. ಕೈ ಸಿಕ್ಕಿದ್ದು ಕುತ್ತಿಗೆಯ ಹತ್ತಿರ. ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದರಲ್ಲಿ ಸುತ್ತಿಗೆ ತೆಗೆದುಕೊಂಡು ಮೊಳೆ ಹೊಡೆದ.

ಬೀದಿಯ ಆ ಕಡೆಯಿಂದ ಗಾರ್ಡು ಕಂಡದ್ದನ್ನು ಪೊಲೀಸರಿಗೆ ಹೀಗೆ ಹೇಳಿದ: "ಮೊದಲು ಕಿರುಚಾಟ ಸಾರ್. ಆಮೇಲೆ ಕುತ್ತಿಗೆಗೆ ಕೈ. ಆಮೇಲೆ ಸುತ್ತಿಗೆ. ಒಬ್ಬನೇ ಅಲ್ಲ ಸಾರ್, ಇಬ್ಬರು. ನಾನೇ ಎಣಿಸಿದೀನಿ, ನಾಲ್ಕು ಕೈ."

ದಫೇದಾರ ಬಂದಾಗ ಗೊತ್ತಪ್ಪನ ಮನೆಯ ಮುಂದೆ ಇಡೀ ಬೀದಿ ನೆರೆದಿತ್ತು. ಗೊತ್ತಪ್ಪ ಸುತ್ತಿಗೆ ಹಿಡಿದೇ ಬಾಗಿಲು ತೆರೆದ. ಪೊಲೀಸರೆದುರು ಸುಳ್ಳು ಬೇಡ, ಸತ್ಯವನ್ನೇ ಹೇಳಬೇಕು ಎಂದು ಅವನು ಆ ಕ್ಷಣದಲ್ಲಿ ತೀರ್ಮಾನಿಸಿದ. ಸತ್ಯದ ಮೊದಲ ಪದವೊಂದನ್ನು ಮಾತ್ರ ಗಾಬರಿಯಲ್ಲಿ ಮರೆತ.

"ಒಳಗೆ ಯಾರಿದಾರೆ?"

"ಯಾರೂ ಇಲ್ಲ ಸಾರ್."

"ಹೆಂಗಸು?"

"ಅವಳಿದಾಳೆ."

"ಯಾಕೆ ಕಿರುಚಿದಳು?"

"ಅವಳು ಕಿರುಚಲ್ಲ ಸಾರ್. ಬಾಯಿ ತೆರೆದಿರ್ತಾಳೆ, ಅಷ್ಟೆ. ಸದ್ದೇ ಬರಲ್ಲ. ಕಿರುಚಿದ್ದು ನಾನು."

ಗಾರ್ಡಿನ ಹೆಂಡತಿ ಪಕ್ಕದವಳ ತೋಳು ಹಿಡಿದುಕೊಂಡಳು.

"ಕುತ್ತಿಗೆಗೆ ಕೈ ಹಾಕಿದೆಯಂತೆ?"

"ಮೇಲೆ ಬೀಳ್ತಾ ಇದ್ದಳು ಸಾರ್. ಗೋಡೆಗೆ ಒತ್ತಿ ಹಿಡಿದೆ."

"ಈಗೆಲ್ಲಿ?"

"ಗೋಡೆ ಮೇಲೇ. ನಾಲ್ಕು ಮೂಲೆಗೂ ಗಟ್ಟಿಯಾಗಿ ಮೊಳೆ ಹೊಡೆದಿದೀನಿ. ಇನ್ನು ಎಲ್ಲಿಗೂ ಹೋಗಲ್ಲ."

ಬೀದಿ ಒಟ್ಟಾಗಿ ಉಸಿರು ಒಳಗೆಳೆದುಕೊಂಡಿತು. ದಫೇದಾರ ಸುತ್ತಿಗೆಯನ್ನು ಕಿತ್ತುಕೊಂಡು, ಗೊತ್ತಪ್ಪನನ್ನು ಮುಂದೆ ತಳ್ಳಿಕೊಂಡು ಒಳಗೆ ಹೋದ. ಆಮೇಲೆ ಕುರ್ಚಿಯೊಂದು ನರಳಿದ ಸದ್ದು. ಹಿಂದೆಯೇ ಒಳಗೆ ನುಗ್ಗಿದವರಿಗೆ ಕಂಡದ್ದು, ಕಾಗದದ ಹೆಂಗಸಿನೆದುರು ಕುರ್ಚಿಯಲ್ಲಿ ಕುಸಿದು ಕೂತು ಟೊಪ್ಪಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿರುವ ದಫೇದಾರ.

ಸರ್ಕಾರದ ಮರ್ಯಾದೆ ಉಳಿಸಿಕೊಳ್ಳಲು ಅವನಿಗೆ ಏನಾದರೂ ಓದಬೇಕಾಯಿತು. ಚಿತ್ರದಲ್ಲಿದ್ದದ್ದನ್ನೇ ಓದಿದ: "'ಹೆಂಗಸರಿಗೂ ಹೃದ್ರೋಗಿಗಳಿಗೂ ಪ್ರವೇಶವಿಲ್ಲ.' ಏ, ಬರೆದಿದೆಯಲ್ಲ, ಕಾಣಲ್ವಾ? ಹೆಂಗಸರೆಲ್ಲ ಹೊರಗೆ ನಡೀರಿ!" ಹೆಂಗಸರು ಹೊರಗೆ ಹೋದರು. ಗಾರ್ಡಿಗೆ ಎದೆನೋವಿನ ಕಾಯಿಲೆ ಇತ್ತು. ಅವನು ಸದ್ದಿಲ್ಲದೆ ಒಳಗೇ ಉಳಿದ.

ಆದರೆ ಹೆಂಡತಿ ಎಲ್ಲಿ ಎಂಬ ಪ್ರಶ್ನೆ ಉಳಿಯಿತು. ಜ್ವರ, ಮದುವೆ ಎರಡೂ ಕೂಡಿ ಗೊತ್ತಪ್ಪನನ್ನು ಎರಡು ಕಡೆಯಿಂದ ಹಿಂಡಿದವು. ಕೊನೆಗೆ ಭಾವಮೈದನ ಮನೆಗೆ ಫೋನು ಹೋಯಿತು. ಹೆಂಡತಿಯೇ ಎತ್ತಿಕೊಂಡಳು.

"ಅಮ್ಮಾ, ಪೊಲೀಸ್ ಠಾಣೆಯಿಂದ. ನೀವು ಬದುಕಿದೀರಾ?"

"ಅಡುಗೆಮನೇಲಿದೀನಿ. ಅದನ್ನ ಬದುಕು ಅಂತ ಬರ್ಕೊಳ್ಳೋದಾದ್ರೆ ಬರ್ಕೊಳ್ಳಿ."

"ಹಾಗೆ ಬರೆಯೋಕಾಗಲ್ಲ. ಖುದ್ದಾಗಿ ಬಂದು ತೋರಿಸ್ಕೋಬೇಕು."

ಅರ್ಧ ಗಂಟೆಯಲ್ಲಿ ತಮ್ಮನೊಂದಿಗೆ ಬಂದಳು. ದಫೇದಾರ ಅವಳ ಮುಖವನ್ನೂ ಗೋಡೆಯ ಮುಖವನ್ನೂ ಎರಡೆರಡು ಸಲ ನೋಡಿ, ಇವಳು ಅವಳಲ್ಲವೆಂದು ಖಚಿತಪಡಿಸಿಕೊಂಡು ಟೊಪ್ಪಿಗೆ ಇಟ್ಟುಕೊಂಡ. ಬಂದವಳನ್ನು ಮತ್ತೆ ಕಳಿಸುವುದು ಗೊತ್ತಪ್ಪನಿಂದಾಗಲಿಲ್ಲ. ಬಂದವಳು ಮತ್ತೆ ಹೋಗುವುದೂ ಬೀದಿಯೆದುರು ಆಗುವಂತಿರಲಿಲ್ಲ. ಆ ಗಲಾಟೆಯಲ್ಲಿ ಚಿತ್ರವನ್ನು ಕೀಳುವ ಮಾತನ್ನು ಇಬ್ಬರೂ ಮರೆತರು.

ಮರುದಿನದಿಂದ ಗೊತ್ತಪ್ಪನ ಮನೆ ನೋಡುವ ಜಾಗವಾಯಿತು. ಗಾರ್ಡು ಸಂಜೆಯಾಗುತ್ತಲೇ ಬಂದು ಕೂರುತ್ತಿದ್ದ. ದಫೇದಾರ 'ಮುಂದಿನ ವಿಚಾರಣೆ'ಗೆಂದು ಬರುತ್ತಿದ್ದ. ತನ್ನ ಕಡಲಿಗೆ ಇಷ್ಟು ಜನ ಬರಲಿಲ್ಲವಲ್ಲ ಎಂದು ಭಾವಮೈದನೂ ಬಂದ. ಹೆಂಡತಿ ಚಹಾ ಮಾಡಿ ಮಾಡಿ ಸುಸ್ತಾದಳು. ಜನ ಸೇರಿದಾಗ ಗೊತ್ತಪ್ಪನ ಭಯ ಇಳಿದು ಜ್ಞಾನ ಏರುತ್ತಿತ್ತು. ಅಂಗಡಿಯಿಂದ ತಂದ ಕೋಲಿನಿಂದ ತೋರಿಸಿ ತೋರಿಸಿ ಭಾಷಣ ಮಾಡುತ್ತಿದ್ದ.

"ಕೊಲೆಗಾರನಿಗೆ ಮುಖ ಯಾಕಿಲ್ಲ? ಮುಖ ಇದ್ರೆ ನಾವು ಅವನನ್ನ ನೋಡ್ತೀವಿ. ಇಲ್ದಿದ್ರೆ ಇವಳನ್ನೇ ನೋಡಬೇಕು."

"ಓಡೋದು ಯಾವಾಗಲೂ ಹೆಂಗಸೇ ಯಾಕೆ ಅಂತೀರಿ?" ಎಂದ ಗಾರ್ಡು.

"ಗಂಡಸು ಬಾಯಿ ಬಿಟ್ಕೊಂಡು ಓಡ್ತಿರೋ ಚಿತ್ರ ಹಾಕಿದ್ರೆ ಟಿಕೆಟ್ ಯಾರು ತಗೋತಾರೆ ಸಾರ್?" ಎಂದ ದಫೇದಾರ. ಎಲ್ಲರೂ ನಕ್ಕರು.

ಬೀದಿಯಲ್ಲಿ ಹೋಗುವವರೆಲ್ಲ ಕಿಟಕಿಗೆ ಮೂಗು ಒತ್ತುವುದನ್ನು ತಾಳಲಾರದೆ ಹೆಂಡತಿ ಪರದೆ ಹೊಲಿಸಲು ತೀರ್ಮಾನಿಸಿ, ಓಣಿಯ ಹೊಲಿಗೆ ಅಜ್ಜಿಗೆ ಹೇಳಿಕಳಿಸಿದಳು. ಎಪ್ಪತ್ತೈದು ದಾಟಿದ ಅಜ್ಜಿ. ಯಾರ ಮನೆಯಲ್ಲೂ ಹೆಚ್ಚು ಮಾತಾಡದೆ ಅಳತೆ ತೆಗೆದುಕೊಂಡು ಹೋಗುವವಳು. ಒಂದು ರಜೆಯ ದಿನ ಮಧ್ಯಾಹ್ನ, ಮೂವರು ಗಂಡಸರು ಚಹಾ ಹಿಡಿದು ಕೂತಿದ್ದಾಗ, ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡು ಬಂದಳು. ಕಿಟಕಿಯ ಕಡೆ ಹೋಗುತ್ತಿದ್ದವಳು ನಡುವೆ ನಿಂತಳು.

ಗೊತ್ತಪ್ಪ ಕೋಲೆತ್ತಿ ಹೇಳುತ್ತಿದ್ದ: "ಇದನ್ನ ಬರೆದವನು ನಿಜವಾದ ಕೊಲೆ ನೋಡಿರಬೇಕು. ಇಲ್ದಿದ್ರೆ ಈ ಭಯ ಬರೋಕೆ ಸಾಧ್ಯವೇ ಇಲ್ಲ. ಸಾವಿನ ಎದುರು ನಿಂತ ಹೆಂಗಸಿನ ಮುಖ ಇದು. ನನಗೆ ಗೊತ್ತು."

"ಅದು ನನ್ನ ಮುಖ," ಎಂದಳು ಅಜ್ಜಿ.

ಕೋಲು ಮೇಲೇ ಉಳಿಯಿತು. ಚಹಾದ ಲೋಟಗಳು ತುಟಿಗೆ ತಲುಪದೆ ನಿಂತವು. ಎಲ್ಲರೂ ಅಜ್ಜಿಯನ್ನು ನೋಡಿದರು: ಬಿಳಿ ಕೂದಲು, ಒಳಗೆ ಹೋದ ಕೆನ್ನೆ, ಸಣ್ಣ ಬಾಯಿ. ಯಾರಿಗೂ ಏನೂ ಕಾಣಲಿಲ್ಲ.

"ನಮ್ಮ ಯಜಮಾನರು ಆ ಥಿಯೇಟರಿಗೆ ಚಿತ್ರ ಬರೀತಿದ್ರು. ಎದುರಿಗೆ ನಿಲ್ಲೋಕೆ ಬೇರೆ ಯಾರು ಸಿಗ್ತಾರೆ? ಮನೇಲಿ ನಾನಿದ್ದೆ. ಊರಲ್ಲಿ ಎಷ್ಟು ಗೋಡೆ ಮೇಲೆ ನಾನು ಸತ್ತಿದೀನೋ ಲೆಕ್ಕ ಇಲ್ಲ." ಅಜ್ಜಿ ಚಿತ್ರದ ಹತ್ತಿರ ಹೋದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ನನ್ನದೇ ಚಿತ್ರದ ಮುಂದೆ ತರಕಾರಿ ಚೀಲ ಹಿಡ್ಕೊಂಡು ಹೋಗ್ತಿದ್ದೆ. ಗಂಡಸರು ಗುಂಪುಗುಂಪಾಗಿ ನಿಂತು ನೋಡ್ತಿದ್ರು. ಒಬ್ಬರಾದ್ರೂ ತಿರುಗಿ, ಅರೇ ಇವಳೇ ಅಲ್ವಾ ಅನ್ನಲಿಲ್ಲ. ಮಕ್ಕಳಿಗೂ ಹೇಳಲಿಲ್ಲ ನಾನು. ಎಂಥಾ ಹೆಂಗಸು ಅಂತಾರೋ ಏನೋ ಅಂತ."

"ಅಷ್ಟು ಭಯ..." ಗೊತ್ತಪ್ಪ ಕೋಲನ್ನು ಇಳಿಸಿದ. "ಅಷ್ಟು ಭಯ ಹೇಗೆ ಬಂತಜ್ಜಿ?"

"ಭಯ ಎಲ್ಲಿ ಬಂತು? ಅದೇ ತಾಪತ್ರಯ ಆಗಿದ್ದು. ಕೊಲೆಗಾರ ಆಗಲಿ ಅಂತ ಸಿನಿಮಾ ಯಂತ್ರ ಓಡಿಸೋ ಆಳೊಬ್ಬನನ್ನ ಕರ್ಕೊಂಡು ಬಂದಿದ್ರು. ಆರಡಿ ಗಂಡಸು. ಹಿಂದೆ ನಿಂತು ನನ್ನ ಕುತ್ತಿಗೆ ಹತ್ತಿರ ಕೈ ತಂದ. ಅವನ ಕೈ ಗಡಗಡ ನಡುಗೋಕೆ ಶುರು. 'ಅಕ್ಕಾ, ನನ್ನ ಕೈಲಾಗಲ್ಲ' ಅಂತ ಅಳ್ತಾ ಕೂತ. ನಾನು ನಕ್ಕೆ. ನಿಲ್ಲಿಸೋಕೇ ಆಗಲಿಲ್ಲ. ಇವರು ಬೈದರು, ಬೇಡ್ಕೊಂಡರು. ಊಹೂಂ. ನಾಳೆ ಬೆಳಿಗ್ಗೆ ಚಿತ್ರ ಬೇಕು ಅಂತ ಥಿಯೇಟರಿನವರು ಬಾಗಿಲಲ್ಲಿ ಕೂತಿದಾರೆ. ಕೊನೆಗೆ ನಗ್ತಾ ಇದ್ದ ಹಾಗೇ ಬರೆದುಬಿಟ್ರು."

ಅಜ್ಜಿ ಕುತ್ತಿಗೆಯಿಂದ ಅಳತೆಪಟ್ಟಿ ತೆಗೆದು, ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು, ಚಿತ್ರದ ಹುಬ್ಬುಗಳ ಮೇಲೆ ಅಡ್ಡ ಹಿಡಿದಳು.

ಹುಬ್ಬು ಮುಚ್ಚಿಹೋಯಿತು. ಉಳಿದದ್ದು ಅರಳಿದ ಕಣ್ಣು, ಉಬ್ಬಿದ ಕೆನ್ನೆ, ತೆರೆದ ಬಾಯಿ. ಗೋಡೆಯ ಮೇಲಿನ ಹೆಂಗಸು ಎದುರಿಗಿದ್ದ ನಾಲ್ವರು ಗಂಡಸರನ್ನು ನೋಡಿ ಹೊಟ್ಟೆ ಹಿಡಿದುಕೊಳ್ಳುವಂತೆ ನಗುತ್ತಿದ್ದಳು.

"ಹುಬ್ಬು ಅವರದು," ಎಂದಳು ಅಜ್ಜಿ. "ಬಾಯಿ ನನ್ನದು."

ದಫೇದಾರನೇ ಧೈರ್ಯ ಮಾಡಿ ಕೇಳಿದ: "ಹಾಗಾದ್ರೆ ಆ ಕೈ ಯಾರದು?"

ಅಜ್ಜಿ ಪಟ್ಟಿ ಇಳಿಸಿ, ತನ್ನ ಬಲಗೈಯನ್ನು ಬೆರಳು ಬಿಡಿಸಿ ಕೊಲೆಗಾರನ ಕೈಯ ಮೇಲೆ ಇಟ್ಟಳು. ಬೆರಳಿಗೆ ಬೆರಳು ಕೂತಿತು. ಕಿರುಬೆರಳು ಒಳಕ್ಕೆ ಸೊಟ್ಟಗಿತ್ತು, ಚಿತ್ರದಲ್ಲೂ.

"ಆ ಆಳು ಎದ್ದು ಹೋದನಲ್ಲ. ಅವರ ಕೈ ಕುಂಚ ಹಿಡಿದಿತ್ತು. ಬಣ್ಣ ಅರೆದು ಅರೆದು ನನ್ನ ಗೆಣ್ಣು ದಪ್ಪ ಇತ್ತು. ಕೋಟು ಮಾತ್ರ ಅವರದು, ನಾನು ಹಾಕ್ಕೊಂಡಿದ್ದೆ. ಆ ಸಾಲೂ ನಂದೇ." ಪ್ರವೇಶವಿಲ್ಲ ಎಂಬ ಸಾಲನ್ನು ಬೆರಳಲ್ಲಿ ಮುಟ್ಟಿದಳು. "ಅಕ್ಷರ ನನ್ನದು ದುಂಡಗೆ ಇತ್ತು ಅಂತ ನನ್ನ ಕೈಲೇ ಬರೆಸಿದ್ರು."

"ಸಿನಿಮಾ ಹೆಸರೇನಜ್ಜಿ?" ಎಂದಳು ಹೆಂಡತಿ ಮೆಲ್ಲಗೆ. "ಕೊನೇಲಿ ಬರೀ 'ಳು' ಇದೆ."

"ಮರೆತೇ ಹೋಯ್ತು ಮಗಳೇ. ನಾನು ನೋಡಿಲ್ಲವಲ್ಲ. ಒಳಗೆ ಬಿಡಲಿಲ್ಲ."

ಪಟ್ಟಿ ತೆಗೆದ ಮೇಲೆ ಹುಬ್ಬು ಮತ್ತೆ ಕಂಡಿತು. ಆದರೆ ಒಮ್ಮೆ ನಗುವಾಗಿ ಕಂಡ ಮುಖ ಮತ್ತೆ ಕಿರುಚಲಿಲ್ಲ. ಗೊತ್ತಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ತಲೆ ಓರೆ ಮಾಡಿ ನೋಡಿದ. ಅವಳು ನಗುತ್ತಲೇ ಇದ್ದಳು. ಅದೂ ನಿರ್ದಿಷ್ಟವಾಗಿ ಅವನನ್ನೇ ನೋಡಿ. ಕುತ್ತಿಗೆಯ ಬಳಿ ಅವಳದೇ ಕೈಗಳು, ಯಾರಿಗೋ ಕಾಯುತ್ತಿರುವಂತೆ, ಮುಂದಕ್ಕೆ ಚಾಚಿಕೊಂಡಿದ್ದವು.

ಗಾರ್ಡು ಮೊದಲು ಎದ್ದ. "ಗಾಡಿ ಬರೋ ಹೊತ್ತಾಯ್ತು" ಎಂದ. ಅವನು ನಿವೃತ್ತನಾಗಿ ಹನ್ನೊಂದು ವರ್ಷವಾಗಿತ್ತು. ದಫೇದಾರ ರಜೆಯ ದಿನ ಡ್ಯೂಟಿ ನೆನಪಾಗಿ ಹೊರಟ. ಭಾವಮೈದ ಚಪ್ಪಲಿ ಹುಡುಕಿದ. ಒಂದು ವಾರ ಕಿರುಚುವ ಹೆಂಗಸಿನೆದುರು ಕಾಲ ಮೇಲೆ ಕಾಲು ಹಾಕಿ ಚಹಾ ಕುಡಿದ ಗಂಡಸರಿಗೆ ನಗುವ ಹೆಂಗಸಿನೆದುರು ನಾಲ್ಕು ನಿಮಿಷ ಕೂರಲಾಗಲಿಲ್ಲ. ಲೋಟಗಳಲ್ಲಿ ಚಹಾ ಹಾಗೇ ಉಳಿದಿತ್ತು.

ಗೊತ್ತಪ್ಪ ಕೋಲನ್ನು ಮೂಲೆಗೆ ಒರಗಿಸಿದ. "ಅಜ್ಜಿ, ಇದನ್ನ ನೀವೇ ತಗೊಂಡು ಹೋಗಿ. ನಿಮ್ಮದೇ ಅಲ್ವಾ? ಈಗಲೇ ಕಿತ್ತು ಕೊಡ್ತೀನಿ," ಎಂದ. ಅವನ ದನಿಯಲ್ಲಿ ಔದಾರ್ಯಕ್ಕಿಂತ ಮೊರೆಯೇ ಹೆಚ್ಚಿತ್ತು.

ಅಜ್ಜಿ ಉತ್ತರಿಸುವ ಮುಂಚೆ ಹೆಂಡತಿ ಬಂದು ಅಜ್ಜಿಯನ್ನು ಗೊತ್ತಪ್ಪನ ಕುರ್ಚಿಯಲ್ಲೇ ಕೂರಿಸಿದಳು. "ಯಾಕೆ ಕೀಳಬೇಕು? ಇಲ್ಲೇ ಇರ್ಲಿ. ಅಜ್ಜಿ, ಪರದೆ ಬೇಡ. ಬೀದಿಗೆ ಕಾಣ್ಲಿ."

ಅಂದಿನಿಂದ ಮಧ್ಯಾಹ್ನ ಹೊತ್ತು ಅಜ್ಜಿ ಹೊಲಿಗೆಯ ಬುಟ್ಟಿ ಹಿಡಿದು ಅಲ್ಲಿಗೇ ಬರತೊಡಗಿದಳು. ಗಾರ್ಡಿನ ಹೆಂಡತಿಯೂ ಸೇರಿದಳು. ಗಂಡಸರು ಆ ಕಿಟಕಿಯ ಮುಂದೆ ಹೋಗುವಾಗ ಬೀದಿಯ ಆಚೆಬದಿ ಹಿಡಿದು, ನೆಲ ನೋಡಿಕೊಂಡು ಸ್ವಲ್ಪ ಜೋರಾಗಿ ನಡೆಯುತ್ತಿದ್ದರು. ಗಾರ್ಡು ತನ್ನ ಕುರ್ಚಿಯನ್ನು ಮನೆಯ ಹಿತ್ತಿಲಿಗೆ ಒಯ್ದ.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಗೊತ್ತಪ್ಪ ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದ. ಹೊರಕೋಣೆಯಲ್ಲಿ ಏನೋ ಮಾತು ನಡೆದು, ಹೆಂಗಸರು ಒಟ್ಟಿಗೇ ಗೊಳ್ಳೆಂದು ನಕ್ಕರು. ಯಾರು ಯಾರು ನಗುತ್ತಿದ್ದಾರೆ ಎಂದು ಅವನು ಸುಮ್ಮನೆ ಕಿವಿಗೊಟ್ಟ. ಹೆಂಡತಿಯ ನಗು ಅವನಿಗೆ ಗುರುತು ಸಿಕ್ಕಿತು. ಗಾರ್ಡಿನ ಹೆಂಡತಿಯದು ಬಿಕ್ಕಳಿಸುವ ನಗು, ಅದೂ ಸಿಕ್ಕಿತು. ಅಜ್ಜಿಯದು ಹಲ್ಲಿಲ್ಲದ ಗಾಳಿನಗು. ಮೂರಾಯಿತು. ಬಾಗಿಲ ಸಂದಿನಿಂದ ಇಣುಕಿದ. ಕೂತಿದ್ದವರು ಮೂವರೇ. ಮೂವರೂ ಈಗ ನಗು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಗು ಇನ್ನೂ ಕೇಳಿಸುತ್ತಿತ್ತು.